ಸುಳಿ ಉಳಿಸಿ ಸೊಪ್ಪು ಕೊಯ್ಯೋಣ

ಹನ್ನೆರಡನೆಯ ಶತಮಾನದ ಶರಣ ದಂಪತಿಗಳಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆಯನ್ನು ಅರಿಯದ ಭಕ್ತರು ವಿರಳ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದರು. ಇಂದಿಗೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡರೆ ನಾಳೆಗೂ ಅಂಗಳದಲ್ಲಿ ಅಕ್ಕಿ ಇರುತ್ತದೆ ಎಂಬ ವಿವೇಕ ಆ ಕಥೆಯಲ್ಲಿದೆ.

ಈ ವಿವೇಕವನ್ನು ನಾವು ನಮ್ಮ ಹಿತ್ತಲಿನ ಸೊಪ್ಪಿನ ಮಡಿಗೂ ಅನ್ವಯಿಸಿಕೊಳ್ಳಬಹುದು. ಬಹಳಷ್ಟು ಸೊಪ್ಪಿನ ಗಿಡಗಳು ಒಂದೇ ಸಲ ಕಿತ್ತು ಮುಗಿಸುವಂಥವಲ್ಲ. ಅರಿತು ಕೊಯ್ದರೆ ಅದೇ ಗಿಡ ವಾರಗಟ್ಟಲೆ, ಕೆಲವು ವರ್ಷಗಟ್ಟಲೆ, ಮನೆಗೆ ಸೊಪ್ಪನ್ನು ಒದಗಿಸುತ್ತದೆ. ಅರಿಯದೆ ಕೊಯ್ದರೆ ಒಂದು ದಿನದ ಪಲ್ಯದೊಂದಿಗೆ ಗಿಡದ ಬಾಳೂ ಮುಗಿಯುತ್ತದೆ. ವ್ಯತ್ಯಾಸ ಇರುವುದು ಗೊಬ್ಬರದಲ್ಲಿ ಅಲ್ಲ, ಬೀಜದಲ್ಲಿಯೂ ಅಲ್ಲ, ಕೊಯ್ಯುವ ಕೈಯಲ್ಲಿ.

ಆರೋಗ್ಯದ ಪುಟದಲ್ಲಿ ಈ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇಕಡ 57ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಕರ್ನಾಟಕದಲ್ಲಿಯೂ ಅವರ ಪ್ರಮಾಣ ಅರ್ಧಕ್ಕೆ ಸಮೀಪವಿದೆ. ಮಕ್ಕಳ ಸ್ಥಿತಿ ಇದಕ್ಕಿಂತಲೂ ಕಳವಳಕಾರಿ. ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು, ಬಿಳಿಚಿದ ಕಣ್ಣಂಚು, ಓದಿನಲ್ಲಿ ನಿಲ್ಲದ ಗಮನ ಇವೆಲ್ಲ ಅದರ ಲಕ್ಷಣಗಳು. ಶುದ್ಧ ಸಸ್ಯಾಹಾರಿಗಳಾದ ನಮಗೆ ಕಬ್ಬಿಣದ ಅಂಶವನ್ನು ನೀಡುವ ಆಹಾರಗಳಲ್ಲಿ ಸೊಪ್ಪು, ಬೇಳೆಕಾಳು, ಸಿರಿಧಾನ್ಯಗಳೇ ಮುಖ್ಯ. ಸೊಪ್ಪು ವಾರಕ್ಕೊಮ್ಮೆ ಸಂತೆಯಿಂದ ಬರುವ ಪದಾರ್ಥವಾದರೆ ಸಾಲದು. ಅದು ದಿನವೂ ತಟ್ಟೆಗೆ ಬರಬೇಕು. ದಿನವೂ ಬರಬೇಕಾದರೆ ಅದು ಮನೆಯ ಬಾಗಿಲಲ್ಲಿಯೇ ಬೆಳೆಯುತ್ತಿರಬೇಕು.

ಹರಿಹರ ತಾಲೂಕಿನ ಕೊಂಡಜ್ಜಿ ಇದಕ್ಕೆ ತಕ್ಕ ಊರು. ದೊಡ್ಡ ಕೆರೆ, ಸುತ್ತ ಕುರುಚಲು ಕಾಡಿನ ಗುಡ್ಡಗಳು, ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರ, ಈ ಚಳವಳಿಗೆ ದುಡಿದ ಕೊಂಡಜ್ಜಿ ಬಸಪ್ಪನವರ ಹೆಸರು ಇವುಗಳಿಂದ ಊರು ನಾಡಿಗೆ ಪರಿಚಿತವಾಗಿದೆ. ದಾವಣಗೆರೆಗೂ ಹರಿಹರಕ್ಕೂ ಹತ್ತಿರವಿದ್ದರೂ ಇದು ಇನ್ನೂ ಹಳ್ಳಿಯ ಲಕ್ಷಣವನ್ನು ಉಳಿಸಿಕೊಂಡಿದೆ. ಇಂಥ ಊರುಗಳಲ್ಲಿ ಹಿಂದೆ ಸೊಪ್ಪನ್ನು ಹಣ ಕೊಟ್ಟು ಕೊಳ್ಳುವ ಪದ್ಧತಿಯೇ ಇರಲಿಲ್ಲ. ಹೊಲದ ಬದುವಿನಲ್ಲಿ, ಜೋಳದ ಸಾಲಿನ ನಡುವೆ ತಾನೇ ಹುಟ್ಟಿದ ಬೆರಕೆ ಸೊಪ್ಪನ್ನು ಕಳೆ ತೆಗೆಯುವ ಹೆಂಗಸರು ಮಡಿಲಲ್ಲಿ ತುಂಬಿಕೊಂಡು ಬರುತ್ತಿದ್ದರು. ಭತ್ತ, ಮೆಕ್ಕೆಜೋಳ, ಅಡಿಕೆ ಹಬ್ಬಿದ ಈಚಿನ ದಿನಗಳಲ್ಲಿ ಕಳೆನಾಶಕದ ಸಿಂಪರಣೆಯೂ ಹೆಚ್ಚಿತು. ಬದುವಿನ ಸೊಪ್ಪು ಕಣ್ಮರೆಯಾಗುತ್ತ ಬಂತು. ಉಳಿದುದನ್ನು ತಿನ್ನಲು ಅಂಜುವಂತಾಯಿತು. ಹೊಲ ಕೈಬಿಟ್ಟಿದ್ದನ್ನು ಹಿತ್ತಲು ಕೊಡಬಲ್ಲದು.

ಎಲೆಯೇ ಗಿಡದ ಅಡುಗೆಮನೆ

ಕೊಯ್ಲಿನ ಕ್ರಮವನ್ನು ಅರಿಯುವ ಮೊದಲು ಗಿಡ ಬದುಕುವ ಬಗೆಯನ್ನು ಸ್ವಲ್ಪ ತಿಳಿಯಬೇಕು. ಬೇರು ನೀರನ್ನೂ ಲವಣಗಳನ್ನೂ ಹೀರುತ್ತದೆ. ಆದರೆ ಅಡುಗೆ ನಡೆಯುವುದು ಎಲೆಯಲ್ಲಿ. ಬಿಸಿಲಿನ ಬಲದಿಂದ ಎಲೆ ಸಿದ್ಧಪಡಿಸಿದ ಆಹಾರ ಕಾಂಡಕ್ಕೂ ಬೇರಿಗೂ ಹೋಗುತ್ತದೆ. ಎಲ್ಲ ಎಲೆಗಳನ್ನೂ ಒಮ್ಮೆಗೇ ಬೋಳಿಸಿದರೆ ಬೇರು ಉಪವಾಸ ಬೀಳುತ್ತದೆ. ಎಳೆಯ ಬೇರುಗಳು ಸಾಯುತ್ತವೆ. ಆಮೇಲೆ ಎಷ್ಟು ನೀರೆರೆದರೂ ಗಿಡ ಬೇಗ ಚೇತರಿಸಿಕೊಳ್ಳುವುದಿಲ್ಲ. ಆದ್ದರಿಂದ ಒಂದು ಸಲಕ್ಕೆ ಗಿಡದ ಒಟ್ಟು ಎಲೆಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕೊಯ್ಯಬಾರದು ಎಂಬುದು ಒಳ್ಳೆಯ ಅಳತೆ. ಎರಡು ಪಾಲು ಗಿಡಕ್ಕೆ, ಒಂದು ಪಾಲು ನಮಗೆ.

ಎರಡನೆಯ ವಿಷಯ ಕುಡಿಯದು. ಗಿಡದ ತುದಿಯಲ್ಲಿರುವ ಕುಡಿ ಮೇಲಕ್ಕೆ ಬೆಳೆಯುತ್ತಿರುವಾಗ ಆಕ್ಸಿನ್ ಎಂಬ ಚೋದಕವನ್ನು ಸ್ರವಿಸುತ್ತದೆ. ಅದು ಕಾಂಡದ ಮೂಲಕ ಕೆಳಗಿಳಿದು, ಪ್ರತಿ ಎಲೆಯ ಕಂಕುಳಲ್ಲಿ ಕುಳಿತಿರುವ ಮೊಗ್ಗುಗಳನ್ನು ಚಿಗುರದಂತೆ ತಡೆಯುತ್ತದೆ. ತುದಿಯ ಕುಡಿಯನ್ನು ಚಿವುಟಿದಾಗ ಈ ತಡೆ ಕಳಚುತ್ತದೆ; ಕೆಳಗಿನ ಗೆಣ್ಣುಗಳಿಂದ ಕವಲುಗಳು ಒಡೆಯುತ್ತವೆ. ಒಂದು ಕುಡಿ ಇದ್ದಲ್ಲಿ ಎರಡು, ಎರಡು ಇದ್ದಲ್ಲಿ ನಾಲ್ಕು ಆಗುತ್ತವೆ.

ಆದರೆ ಎಲ್ಲ ಗಿಡಗಳೂ ಹೀಗೆ ಕವಲೊಡೆಯುವುದಿಲ್ಲ. ಕೆಲವು ಗಿಡಗಳಲ್ಲಿ ಎಲೆಗಳೆಲ್ಲ ನಡುವಿನ ಒಂದೇ ಸುಳಿಯಿಂದ ಹೊರಡುತ್ತವೆ. ಅವುಗಳ ಸುಳಿಗೆ ಪೆಟ್ಟು ಬಿದ್ದರೆ ಮುಂದಿನ ಬೆಳವಣಿಗೆ ಕುಂಠಿತವಾಗುತ್ತದೆ. ಆದ್ದರಿಂದ ಕೈಯಿಡುವ ಮೊದಲು, ಇದು ಕುಡಿ ಚಿವುಟುವ ಗಿಡವೋ ಸುಳಿ ಕಾಯುವ ಗಿಡವೋ ಎಂದು ನೋಡಬೇಕು. ಮುಂದಿನ ಕ್ರಮವೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ಕುಡಿ ಚಿವುಟುವ ಸೊಪ್ಪುಗಳು

ಈ ಗುಂಪಿನಲ್ಲಿ ಹರಿವೆಗೆ ಮೊದಲ ಸ್ಥಾನ. ಬಿತ್ತಿದ ಮೂರ್ನಾಲ್ಕು ವಾರಗಳಲ್ಲಿ ಹರಿವೆ ಗೇಣುದ್ದ ಮೀರುತ್ತದೆ. ಆಗ ಬುಡದಲ್ಲಿ ನಾಲ್ಕೈದು ಗೆಣ್ಣುಗಳನ್ನು ಬಿಟ್ಟು ಮೇಲಿನ ಕುಡಿಯನ್ನು ಕೊಯ್ಯಬೇಕು. ಹತ್ತು ಹನ್ನೆರಡು ದಿನಗಳಲ್ಲಿ ಪಕ್ಕದ ಕವಲುಗಳು ಮತ್ತೆ ಕೊಯ್ಲಿಗೆ ಬರುತ್ತವೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದಕ್ಕೆಂದೇ ‘ಅರ್ಕಾ ಸುಗುಣ’ ಎಂಬ ತಳಿಯನ್ನು ನೀಡಿದೆ. ಬಿತ್ತಿದ ಸುಮಾರು 25 ದಿನಕ್ಕೆ ಮೊದಲ ಕೊಯ್ಲು, 90 ದಿನಗಳೊಳಗೆ ಐದಾರು ಕೊಯ್ಲು ಅದರ ಗುಣ. ಕೆಂಪು ಹರಿವೆಯಲ್ಲಿ ‘ಅರ್ಕಾ ಅರುಣಿಮಾ’ ಕೂಡ ಹಲವು ಕೊಯ್ಲಿನ ತಳಿಯೇ. ಅದೇ ಸಂಸ್ಥೆಯ ‘ಅರ್ಕಾ ಸಂರಕ್ಷಾ’, ‘ಅರ್ಕಾ ವರ್ಣ’ ತಳಿಗಳು ಬೇರುಸಹಿತ ಕೀಳಲು ತಕ್ಕವು. ಬೀಜ ಕೊಳ್ಳುವಾಗ ಹಲವು ಸಲ ಕೊಯ್ಯುವ ತಳಿಯೇ ಎಂದು ಕೇಳಿ ಕೊಳ್ಳುವುದು ಉಚಿತ.

ಹರಿವೆಯಲ್ಲಿ ಹೂವಿನ ಕದಿರು ಕಾಣಿಸಿಕೊಂಡೊಡನೆ ಅದನ್ನು ಚಿವುಟಿ ಹಾಕಬೇಕು. ಕದಿರು ಬಂತೆಂದರೆ ಗಿಡ ತನ್ನ ಬಲವನ್ನೆಲ್ಲ ಬೀಜಕ್ಕೆ ಮೀಸಲಿಡುತ್ತದೆ. ಎಲೆ ಸಣ್ಣದಾಗುತ್ತದೆ, ದಂಟು ನಾರಾಗುತ್ತದೆ. ಬೀಜಕ್ಕೆಂದು ಎರಡು ಮೂರು ಪುಷ್ಟವಾದ ಗಿಡಗಳನ್ನು ಮಾತ್ರ ಕೊಯ್ಯದೆ ಬಿಟ್ಟರೆ ಮುಂದಿನ ಹಂಗಾಮಿನ ಬಿತ್ತನೆಗೆ ಹೊರಗೆ ಕೈಚಾಚಬೇಕಿಲ್ಲ.

ಬಸಳೆ ಬಳ್ಳಿ ಚಪ್ಪರಕ್ಕೆ ಹಬ್ಬುವಂಥದು. ಕೆಳಗಿನ ದಪ್ಪ ಎಲೆಗಳನ್ನು ಒಂದೊಂದಾಗಿ ಕೀಳುವುದಕ್ಕಿಂತ ಗೇಣುದ್ದದ ಎಳೆಯ ಕುಡಿಗಳನ್ನು ಗೆಣ್ಣಿನ ಮೇಲೆ ಕತ್ತರಿಸುವುದು ಮೇಲು. ಕತ್ತರಿಸಿದ ಕಡೆ ಎರಡು ಹೊಸ ಕುಡಿ ಹೊರಡುತ್ತವೆ. ಬಲಿತ ಬಳ್ಳಿಯ ತುಂಡನ್ನು ಒದ್ದೆ ಮಣ್ಣಿನಲ್ಲಿ ನೆಟ್ಟರೆ ಅದೂ ಬೇರು ಬಿಡುತ್ತದೆ. ಹೀಗಾಗಿ ಒಂದು ಮನೆಯ ಬಸಳೆ ಇಡೀ ಕೇರಿಗೆ ಹಬ್ಬಬಲ್ಲದು.

ಬಯಲುಸೀಮೆಯವರ ಪ್ರೀತಿಯ ಪುಂಡಿಯೂ ಇದೇ ಗುಂಪಿಗೆ ಸೇರಿದ್ದು. ಮೊಳಕಾಲೆತ್ತರ ಬಂದಾಗ ತುದಿ ಚಿವುಟಿದರೆ ಅದು ಪೊದೆಯಾಗುತ್ತದೆ. ಚಿವುಟದೆ ಬಿಟ್ಟರೆ ಆಳೆತ್ತರ ಬೆಳೆದು ನಾರಿಗೆ ತಕ್ಕುದಾಗುತ್ತದೆಯೇ ಹೊರತು ಪಲ್ಯಕ್ಕೆ ಎಳೆಯ ಎಲೆ ಸಿಗುವುದಿಲ್ಲ. ಹೊನಗೊನೆ, ಪುದೀನ, ದೊಡ್ಡಪತ್ರೆಗಳಿಗೂ ಇದೇ ಕ್ರಮ ಸಲ್ಲುತ್ತದೆ.

ಸುಳಿ ಕಾಯುವ ಸೊಪ್ಪುಗಳು

ಪಾಲಕ್ ಗಿಡವನ್ನು ಮೇಲಿನಿಂದ ನೋಡಿದರೆ ಎಲೆಗಳು ಚಕ್ರಾಕಾರವಾಗಿ ಹರಡಿಕೊಂಡು ನಡುವೆ ಪುಟ್ಟ ಸುಳಿ ಇರುವುದು ಕಾಣುತ್ತದೆ. ಹೊರಸುತ್ತಿನ ಬೆಳೆದ ಎಲೆಗಳೇ ನಮ್ಮ ಪಾಲು. ಅವನ್ನು ತೊಟ್ಟಿನ ಬುಡದಲ್ಲಿ ಹಿಡಿದು ಒಂದೊಂದಾಗಿ ತೆಗೆಯಬೇಕು. ನಡುವಿನ ನಾಲ್ಕೈದು ಎಳೆಯ ಎಲೆಗಳನ್ನೂ ಸುಳಿಯನ್ನೂ ಮುಟ್ಟಬಾರದು. ಮಡಿ ದೊಡ್ಡದಿದ್ದು ಕುಡುಗೋಲಿನಿಂದಲೇ ಕೊಯ್ಯಬೇಕಾದರೆ ನೆಲಮಟ್ಟಕ್ಕೆ ಕೊಯ್ಯದೆ ಎರಡು ಬೆರಳಿನಷ್ಟು ಮೇಲಕ್ಕೆ ಕೊಯ್ಯಬೇಕು. ಹೀಗೆ ಮಾಡಿದರೆ ತಂಪು ಕಾಲದಲ್ಲಿ ಹದಿನೈದು ಇಪ್ಪತ್ತು ದಿನಗಳ ಅಂತರದಲ್ಲಿ ನಾಲ್ಕಾರು ಸಲ ಸೊಪ್ಪು ದೊರೆಯುತ್ತದೆ.

ನಗರಗಳ ದೊಡ್ಡ ಅಂಗಡಿಗಳಲ್ಲಿ ಈಚೆಗೆ ದುಬಾರಿ ಬೆಲೆಗೆ ಮಾರಾಟವಾಗುತ್ತಿರುವ ಕೇಲ್ ಎಂಬ ಸೊಪ್ಪೂ ಇದೇ ಜಾತಿಯದು. ಇದು ಎಲೆಕೋಸು, ನವಿಲುಕೋಸುಗಳ ಒಡಹುಟ್ಟು; ಗಡ್ಡೆ ಕಟ್ಟದೆ ಎಲೆಯನ್ನೇ ಬಿಡುವ ಕೋಸು ಎನ್ನಬಹುದು. ಇದು ಹೊಸ ಅದ್ಭುತವೇನಲ್ಲ. ಇದರ ಹತ್ತಿರದ ಬಂಧುವಾದ ಹಾಕ್ ಎಂಬ ಸೊಪ್ಪನ್ನು ಕಾಶ್ಮೀರದ ಮನೆಮನೆಯಲ್ಲಿ ತಲೆಮಾರುಗಳಿಂದ ಉಣ್ಣುತ್ತಿದ್ದಾರೆ. ನಮ್ಮ ಬಯಲುನಾಡಿನಲ್ಲಿಯೂ ಕಾರ್ತಿಕದಿಂದ ಮಾಘದವರೆಗಿನ ತಂಪಿನಲ್ಲಿ ಕೇಲ್ ಬೆಳೆಯಲು ಸಾಧ್ಯ. ನಾಲ್ಕು ವಾರದ ಸಸಿಯನ್ನು ಒಂದೂವರೆ ಅಡಿ ಅಂತರದಲ್ಲಿ ನೆಡಬೇಕು. ಗಿಡದಲ್ಲಿ ಎಂಟು ಹತ್ತು ಎಲೆಗಳು ಬಂದು, ಕೆಳಗಿನವು ಅಂಗೈಗಿಂತ ದೊಡ್ಡದಾದಾಗ ಕೊಯ್ಲು ಆರಂಭ. ಅತ್ಯಂತ ಕೆಳಗಿನ ಎರಡು ಮೂರು ಎಲೆಗಳನ್ನು ಕಾಂಡದ ಹತ್ತಿರ ಹಿಡಿದು ಕೆಳಮುಖವಾಗಿ ಮುರಿದರೆ ತೊಟ್ಟುಸಹಿತ ಸಲೀಸಾಗಿ ಬರುತ್ತವೆ. ವಾರಕ್ಕೊಮ್ಮೆ ಹೀಗೆ ಕೆಳಗಿನಿಂದ ತೆಗೆಯುತ್ತ ಹೋದಂತೆ ಕಾಂಡ ಮೇಲೇರಿ, ತಲೆಯ ಮೇಲೆ ಎಲೆಯ ಗೊಂಚಲು ಹೊತ್ತ ಪುಟ್ಟ ತಾಳೆಯಂತೆ ಕಾಣುತ್ತದೆ. ಆ ಗೊಂಚಲಿನ ನಡುವಿನ ಸುಳಿ ಇರುವವರೆಗೂ ಎಲೆ ಬರುತ್ತಿರುತ್ತದೆ. ಹಳದಿಯಾದ ಎಲೆಗಳನ್ನು ಗಿಡದಲ್ಲಿ ಬಿಡಬಾರದು. ಅವು ಹೇನಿಗೂ ರೋಗಕ್ಕೂ ಆಸರೆ. ಫಾಲ್ಗುಣದ ಬಿಸಿಲು ಏರಿದಂತೆ ಎಲೆ ಒರಟಾಗಿ ಕಹಿಯಾಗುತ್ತದೆ. ಆಗ ಕೇಲ್‌ಗೆ ವಿದಾಯ ಹೇಳಿ ಅದೇ ಮಡಿಗೆ ಹರಿವೆ ಬಿತ್ತುವುದು ಸೂಕ್ತ.

ಕೇಲ್ ದೊರೆಯಲಿಲ್ಲವೆಂದು ಕೊರಗುವ ಅಗತ್ಯವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಕೋಷ್ಟಕದ ಪ್ರಕಾರ 100 ಗ್ರಾಂ ಹರಿವೆ ಅಥವಾ ನುಗ್ಗೆ ಸೊಪ್ಪಿನಲ್ಲಿ 4ರಿಂದ 5 ಮಿಲಿಗ್ರಾಂ ಕಬ್ಬಿಣ, 300 ಮಿಲಿಗ್ರಾಂ ಮೀರಿ ಸುಣ್ಣದ ಅಂಶ ಇದೆ. ಕಬ್ಬಿಣಕ್ಕೆ ಹೆಸರಾದ ಪಾಲಕ್‌ನಲ್ಲಿ ಇರುವುದು ಸುಮಾರು 3 ಮಿಲಿಗ್ರಾಂ ಮಾತ್ರ. ನಮ್ಮ ಹಿತ್ತಲಿನ ಸಾಮಾನ್ಯ ಸೊಪ್ಪುಗಳು ಯಾವುದಕ್ಕೂ ಕಡಿಮೆಯಲ್ಲ.

ಬೇರುಸಹಿತ ಕೀಳುವವು

ಮೆಂತ್ಯ, ಕೊತ್ತಂಬರಿಗಳು ಅಲ್ಪಾಯುಷಿಗಳು. ಮೆಂತ್ಯವನ್ನು ಮೊದಲ ಸಲ ಬುಡ ಬಿಟ್ಟು ಕೊಯ್ದರೆ ಇನ್ನೊಮ್ಮೆ ಚಿಗುರುವುದುಂಟು; ಅದಕ್ಕಿಂತ ಹೆಚ್ಚು ನಿರೀಕ್ಷಿಸಬಾರದು. ಇವನ್ನು ಒಮ್ಮೆಗೇ ಇಡೀ ಮಡಿಗೆ ಬಿತ್ತದೆ, ಮಡಿಯನ್ನು ನಾಲ್ಕು ಪಾಲು ಮಾಡಿ ವಾರಕ್ಕೊಂದು ಪಾಲಿನಂತೆ ಬಿತ್ತಿದರೆ ನಾಲ್ಕನೆಯ ಪಾಲು ಮೊಳೆಯುವ ವೇಳೆಗೆ ಮೊದಲ ಪಾಲು ಕೊಯ್ಲಿಗೆ ಬರುತ್ತದೆ. ಇಲ್ಲಿ ಗಿಡ ಉಳಿಯದಿದ್ದರೂ ಮಡಿ ಬರಿದಾಗುವುದಿಲ್ಲ. ಒತ್ತಾಗಿ ಹುಟ್ಟಿದ ಹರಿವೆಯ ಸಸಿಗಳನ್ನು ತೆಳುಗೊಳಿಸುವಾಗ ಬೇರುಸಹಿತ ಕಿತ್ತವೂ ಒಂದು ಹೊತ್ತಿನ ಪಲ್ಯವಾಗುತ್ತವೆ.

ವರ್ಷವಿಡೀ ಕೊಡುವ ಮರ, ಪೊದೆಗಳು

ನುಗ್ಗೆ ಮರ ಇಲ್ಲದ ಹಿತ್ತಲು ನಮ್ಮ ಕಡೆ ಅಪರೂಪ. ಆದರೆ ಅನೇಕ ಮನೆಗಳಲ್ಲಿ ಅದು ಕೈಗೆಟುಕದ ಎತ್ತರಕ್ಕೆ ಬೆಳೆದು, ಕೊಂಬೆ ಮುರಿದು ಸೊಪ್ಪು ಕೀಳುವಂತಾಗಿರುತ್ತದೆ. ಸೊಪ್ಪಿಗೆಂದೇ ನುಗ್ಗೆ ಬೆಳೆಸುವುದಾದರೆ ಎರಡೂವರೆ ಮೂರು ಅಡಿ ಎತ್ತರ ಬಂದಾಗಲೇ ತುದಿ ಚಿವುಟಬೇಕು. ಪಕ್ಕದ ಕೊಂಬೆಗಳು ಉದ್ದವಾದಾಗ ಅವನ್ನೂ ಮೊಟಕುಗೊಳಿಸಿದರೆ ಎದೆಯೆತ್ತರದ ಪೊದೆಯಾಗಿ ಆರೇಳು ವಾರಕ್ಕೊಮ್ಮೆ ಧಾರಾಳವಾಗಿ ಸೊಪ್ಪು ಕೊಡುತ್ತದೆ. ಕಾಯಿಯೂ ಬೇಕೆನ್ನುವವರು ಬೇರೊಂದು ಮರವನ್ನು ಕಾಯಿಗೆ ಬಿಡಬೇಕು. ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ‘ಭಾಗ್ಯ’, ತಮಿಳುನಾಡಿನ ಪೆರಿಯಕುಳಂನ ‘ಪಿಕೆಎಂ-1’ ಇದಕ್ಕೆ ಪ್ರಸಿದ್ಧ ತಳಿಗಳು.

ಕರಿಬೇವಿನಲ್ಲಿ ಒಂದೊಂದು ಎಲೆಯನ್ನು ಸೀಳಿ ತೆಗೆಯುವುದಕ್ಕಿಂತ ಎಸಳನ್ನು ಬುಡದಿಂದ ಬಿಡಿಸುವುದು, ಆಗಾಗ ಕೊಂಬೆಯ ತುದಿ ಮುರಿಯುವುದು ಒಳ್ಳೆಯದು. ಎಳೆಯ ಗಿಡದಲ್ಲಿ ಹೂ ಬಂದರೆ ಚಿವುಟಬೇಕು. ವಿಟಮಿನ್ ಸೊಪ್ಪು ಎಂದು ಕರೆಯುವ ಚಕ್ರಮುನಿಯನ್ನೂ ಸೊಂಟದೆತ್ತರಕ್ಕೆ ಕತ್ತರಿಸುತ್ತಿದ್ದರೆ ಬೇಲಿಯಂತೆ ಚಿಗುರುತ್ತಲೇ ಇರುತ್ತದೆ.

ಪೂಜೆಗೆ ಬಿಲ್ವಪತ್ರೆ ಎತ್ತುವ ಭಕ್ತರು ಮರವನ್ನು ಕಡಿಯುವುದಿಲ್ಲ; ಕೊಂಬೆಗೆ ನೋವಾಗದಂತೆ ದಳ ಬಿಡಿಸಿಕೊಳ್ಳುತ್ತಾರೆ. ಆ ಎಚ್ಚರ ಊಟದ ಸೊಪ್ಪಿಗೂ ಸಲ್ಲಲಿ.

ಕೊಯ್ದ ಮೇಲಿನ ಆರೈಕೆ

ಕೊಯ್ಲು ಬೆಳಗಿನ ತಂಪಿನಲ್ಲಿ ನಡೆಯಬೇಕು. ಆಗ ಎಲೆಯಲ್ಲಿ ನೀರು ತುಂಬಿರುತ್ತದೆ. ಸೊಪ್ಪು ಬೇಗ ಬಾಡುವುದಿಲ್ಲ. ಮಟ ಮಟ ಮಧ್ಯಾಹ್ನ ಕೊಯ್ದರೆ ಎಲೆಗೂ ಗಿಡಕ್ಕೂ ಬಳಲಿಕೆ. ಹರಿತವಾದ ಚಾಕು ಇಲ್ಲವೇ ಕತ್ತರಿಯನ್ನು ಬಳಸಬೇಕು. ಎಳೆದು ಕಿತ್ತಾಗ ಕಾಂಡದ ಸಿಪ್ಪೆ ಸುಲಿದು ಗಾಯವಾಗುತ್ತದೆ. ಆ ಗಾಯದಿಂದ ಕೊಳೆರೋಗ ಒಳಸೇರುತ್ತದೆ. ರೋಗ ತಗುಲಿದ ಗಿಡವನ್ನು ಕೊನೆಯಲ್ಲಿ ಮುಟ್ಟಿ, ಕತ್ತರಿಯನ್ನು ತೊಳೆದಿಡಬೇಕು.

ಪ್ರತಿ ಕೊಯ್ಲಿನ ನಂತರ ಗಿಡಕ್ಕೆ ನೀರೂ ಸ್ವಲ್ಪ ಗೊಬ್ಬರವೂ ಬೇಕು. ನಾವು ಎಲೆ ತೆಗೆದಾಗಲೆಲ್ಲ ಮಣ್ಣಿನ ಸಾರವನ್ನೂ ತೆಗೆದುಕೊಂಡಿರುತ್ತೇವೆ. ಬುಡಕ್ಕೆ ಒಂದು ಹಿಡಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಹಾಕಿ ಮಣ್ಣು ಸಡಿಲಿಸಿದರೆ ಸಾಕು. ಗಂಜಲವನ್ನು ಹತ್ತರಷ್ಟು ನೀರಿನಲ್ಲಿ ಬೆರೆಸಿ ಬುಡಕ್ಕೆ ಕೊಡಬಹುದು; ಎಲೆಯ ಮೇಲೆ ಸುರಿಯಬಾರದು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಬೇಸಗೆಯಲ್ಲಿ ಮಡಿಯನ್ನು ಕಾಪಾಡುತ್ತದೆ. ಸಾಬೂನಿನ ನೀರು ಸಲ್ಲದು. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ತೆಂಗಿನ ಗರಿಯ ನೆರಳು ಮಾಡಿದರೆ ಹರಿವೆ, ಬಸಳೆ ತಾಳಿಕೊಳ್ಳುತ್ತವೆ. ಮಳೆಗಾಲದಲ್ಲಿ ಮಡಿಯನ್ನು ನೆಲಕ್ಕಿಂತ ಎತ್ತರಿಸಿದರೆ ನೀರು ನಿಂತು ಬೇರು ಕೊಳೆಯುವುದು ತಪ್ಪುತ್ತದೆ.

ಎಷ್ಟು ಜಾಗ ಬೇಕು ಎಂಬ ಪ್ರಶ್ನೆಗೆ ಲೆಕ್ಕವೊಂದನ್ನು ಮಾಡೋಣ. ಅರ್ಕಾ ಸುಗುಣ ಹರಿವೆ ಹೆಕ್ಟೇರಿಗೆ 25ರಿಂದ 30 ಟನ್ ಸೊಪ್ಪು ಕೊಡುವ ತಳಿ. ಅಂದರೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಮಡಿಯಲ್ಲಿ 90 ದಿನಗಳಿಗೆ ಸುಮಾರು 25 ಕಿಲೋ. ಮನೆಯ ಬೇಸಾಯದಲ್ಲಿ ಅದರ ಅರ್ಧ ಸಿಕ್ಕಿದರೂ ದಿನಕ್ಕೆ ಸುಮಾರು 140 ಗ್ರಾಂ ಆಯಿತು. ಇಂಥ ಎರಡು ಮಡಿಗಳಿದ್ದರೆ ಐದು ಜನರ ಮನೆಯಲ್ಲಿ ಪ್ರತಿಯೊಬ್ಬರಿಗೂ ದಿನಕ್ಕೆ 50 ಗ್ರಾಂ ಮೀರಿ ಸೊಪ್ಪು ದೊರೆಯುತ್ತದೆ. ಹಿತ್ತಲಿಲ್ಲದ ದಾವಣಗೆರೆಯ ಮನೆಗಳವರು ಮಾಳಿಗೆಯ ಮೇಲೆ ಚೀಲ, ಕುಂಡಗಳಲ್ಲಿ ಇದರ ಒಂದು ಪಾಲನ್ನಾದರೂ ಬೆಳೆಯಬಹುದು. ಬೀಜ ಮತ್ತು ಸಲಹೆಗೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರವನ್ನೂ ತೋಟಗಾರಿಕೆ ಇಲಾಖೆಯ ಕಚೇರಿಯನ್ನೂ ವಿಚಾರಿಸಬಹುದು.

ಮಡಿಯಿಂದ ತಟ್ಟೆಗೆ

ಸೊಪ್ಪಿನಲ್ಲಿರುವ ಕಬ್ಬಿಣವೆಲ್ಲ ನಮ್ಮ ರಕ್ತಕ್ಕೆ ಸೇರುವುದಿಲ್ಲ. ಸಸ್ಯಮೂಲದ ಕಬ್ಬಿಣವನ್ನು ದೇಹ ಅಲ್ಪ ಪ್ರಮಾಣದಲ್ಲಿ ಮಾತ್ರ ಹೀರಿಕೊಳ್ಳುತ್ತದೆ. ಇದನ್ನು ಹೆಚ್ಚಿಸುವ ಸುಲಭ ಉಪಾಯ ಹುಳಿ. ಊಟದ ಜೊತೆ ನಿಂಬೆಹಣ್ಣಿನ ರಸ, ನೆಲ್ಲಿಕಾಯಿ, ಸೀಬೆಹಣ್ಣು, ಹಸಿ ಕೋಸಂಬರಿ ಇದ್ದರೆ ಅವುಗಳ ಸಿ ಜೀವಸತ್ವ ಕಬ್ಬಿಣ ರಕ್ತಕ್ಕೆ ಸೇರಲು ನೆರವಾಗುತ್ತದೆ. ಊಟವಾದೊಡನೆ ಚಹಾ, ಕಾಫಿ ಕುಡಿಯುವ ಅಭ್ಯಾಸ ಇದಕ್ಕೆ ಅಡ್ಡಿ. ಕನಿಷ್ಠ ಒಂದು ಗಂಟೆಯ ಅಂತರವಾದರೂ ಇರಲಿ.

ಸೊಪ್ಪನ್ನು ಇಡಿಯಾಗಿ ತೊಳೆದು ಆಮೇಲೆ ಹೆಚ್ಚಬೇಕು; ಹೆಚ್ಚಿ ತೊಳೆದರೆ ಸಾರ ನೀರಿಗೆ ಹೋಗುತ್ತದೆ. ಉಪ್ಪು ಬೆರೆಸಿದ ನೀರಿನಲ್ಲಿ ಕೆಲಹೊತ್ತು ಮುಳುಗಿಸಿಟ್ಟರೆ ಹುಳು ಹುಪ್ಪಟೆ ಬಿಟ್ಟುಹೋಗುತ್ತವೆ. ಮುಚ್ಚಳ ಮುಚ್ಚಿ, ಸ್ವಲ್ಪ ನೀರಿನಲ್ಲಿ, ಸ್ವಲ್ಪ ಹೊತ್ತು ಬೇಯಿಸಿದರೆ ಸಾಕು. ಅಡುಗೆ ಸೋಡಾ ಹಾಕಬಾರದು. ಬಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸುವ ನಮ್ಮ ಬಸ್ಸಾರು ಬಹಳ ವಿವೇಕದ ಅಡುಗೆ. ಒಗ್ಗರಣೆಯ ಒಂದು ಚಮಚ ಎಣ್ಣೆ ಎ ಜೀವಸತ್ವದ ಮೂಲವಾದ ಕ್ಯಾರೊಟಿನ್ ಹೀರಿಕೆಗೆ ಬೇಕೇಬೇಕು. ಜೋಳದ ರೊಟ್ಟಿ, ಬೇಳೆ ಬೆರೆಸಿದ ಸೊಪ್ಪಿನ ಪಲ್ಯ, ನಂಬಿ ಉಣ್ಣಬಹುದಾದ ಮೊಸರು, ಪಕ್ಕದಲ್ಲಿ ನಿಂಬೆಯ ಹೋಳು. ಇದಕ್ಕಿಂತ ಪುಷ್ಟಿಯಾದ ಊಟವನ್ನು ದೂರದಿಂದ ತರಬೇಕಿಲ್ಲ.

ಆದರೆ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಎಷ್ಟೋ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರು ತಾಯಂದಿರು. ಆ ವೇಳೆಗೆ ಅನ್ನ ಉಳಿದಿರುತ್ತದೆ, ಪಲ್ಯ ಮುಗಿದಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಪುರುಷನಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಬೇಕಾದರೆ ಮುಟ್ಟು ನಿಲ್ಲದ ಸ್ತ್ರೀಗೆ 29 ಮಿಲಿಗ್ರಾಂ ಬೇಕು. ಹೆಚ್ಚು ಬೇಕಾದವರಿಗೇ ಕಡಿಮೆ ಸಿಗುತ್ತಿದೆ. ಸ್ತ್ರೀಪುರುಷರೆಂಬ ಭೇದವನ್ನು ಶರಣರು ಅನುಭವ ಮಂಟಪದಲ್ಲಿ ಅಳಿಸಿದರು. ನಾವು ಅದನ್ನು ಊಟದ ಪಂಕ್ತಿಯಲ್ಲಿಯೂ ಅಳಿಸಬೇಕಾಗಿದೆ. ಸೊಪ್ಪನ್ನು ಬಡಿಸುವ ಮೊದಲೇ ಅವರ ಪಾಲನ್ನು ತೆಗೆದಿಡುವುದು, ಸಾಧ್ಯವಾದರೆ ಎಲ್ಲರೂ ಒಟ್ಟಿಗೆ ಉಣ್ಣುವುದು ಮನೆಯ ನಿಯಮವಾಗಲಿ.

ಎಚ್ಚರದ ಮಾತುಗಳು

ಸೊಪ್ಪು ಆಹಾರ, ಔಷಧಕ್ಕೆ ಬದಲಿಯಲ್ಲ. ಗರ್ಭಿಣಿಯರು ನಾಲ್ಕನೆಯ ತಿಂಗಳಿನಿಂದ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಸೇವಿಸಬೇಕಾದ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ಸೊಪ್ಪು ತಿನ್ನುತ್ತೇವೆಂದು ಬಿಡಬಾರದು. ರಕ್ತಹೀನತೆ ಬಿ-12 ಜೀವಸತ್ವದ ಕೊರತೆಯಿಂದಲೂ ಬರುತ್ತದೆ. ಸೊಪ್ಪಿನಲ್ಲಿ ಈ ಜೀವಸತ್ವ ಇರುವುದಿಲ್ಲ; ಸಸ್ಯಾಹಾರಿಗಳಿಗೆ ಹಾಲು, ಮೊಸರು, ಮಜ್ಜಿಗೆಗಳೇ ಆಧಾರ. ಸುಸ್ತು ಕಡಿಮೆಯಾಗದಿದ್ದರೆ ರಕ್ತ ಪರೀಕ್ಷೆ ಮಾಡಿಸುವುದು ಅಗತ್ಯ.

ಪಾಲಕ್, ಹರಿವೆ, ಬಸಳೆಗಳಲ್ಲಿ ಆಕ್ಸಲೇಟ್ ಹೆಚ್ಚು. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ಅವನ್ನು ಮಿತಗೊಳಿಸಿ, ವೈದ್ಯರನ್ನು ಕೇಳಿ ಮುಂದುವರಿಯಬೇಕು. ಮೂತ್ರಪಿಂಡದ ದೀರ್ಘ ಕಾಯಿಲೆಯವರಿಗೆ ಪೊಟ್ಯಾಸಿಯಂ ಮಿತಿ ಇರುತ್ತದೆ. ಬಸಿದ ನೀರನ್ನು ಬಳಸುವ ಮೇಲಿನ ಮಾತು ಅವರಿಗೆ ಅನ್ವಯಿಸುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್‌ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಗೇ ಏರಿಸುವುದಾಗಲಿ ಇಳಿಸುವುದಾಗಲಿ ಮಾಡಬಾರದು. ಅದರಲ್ಲಿರುವ ಕೆ ಜೀವಸತ್ವ ಮಾತ್ರೆಯ ಪರಿಣಾಮವನ್ನು ಬದಲಿಸುತ್ತದೆ.

ಚಕ್ರಮುನಿಯನ್ನು ಬೇಯಿಸಿ, ಮಿತವಾಗಿ ಬಳಸಬೇಕು. 1990ರ ದಶಕದಲ್ಲಿ ತೈವಾನಿನಲ್ಲಿ ದೇಹದ ತೂಕ ಇಳಿಸಲೆಂದು ಅದರ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರು ಗುಣವಾಗದ ಶ್ವಾಸಕೋಶದ ಕಾಯಿಲೆಗೆ ತುತ್ತಾದರು. ಒಳ್ಳೆಯದೆಂಬ ಕಾರಣಕ್ಕೆ ಯಾವುದನ್ನೂ ಅತಿಯಾಗಿ ಸೇವಿಸಬಾರದೆಂಬುದಕ್ಕೆ ಇದು ಸಾಕ್ಷಿ. ಚರಂಡಿಯ ನೀರು ಹರಿಯುವ ಕಡೆ, ಕಳೆನಾಶಕ ಸಿಂಪಡಿಸಿದ ಬದುವಿನಲ್ಲಿ ಬೆಳೆದ ಸೊಪ್ಪನ್ನು ಎಷ್ಟೇ ಸೊಂಪಾಗಿದ್ದರೂ ಮುಟ್ಟಬಾರದು. ಮನೆಯ ಮಡಿಗೆ ಹುಳು ಬಿದ್ದರೆ ಕೈಯಿಂದ ಆರಿಸುವುದು, ಬೂದಿ ಎರಚುವುದು, ಬೇವಿನ ಬೀಜದ ಕಷಾಯ ಸಿಂಪಡಿಸಿ ಕೆಲವು ದಿನ ಬಿಟ್ಟು ಕೊಯ್ಯುವುದು ಸಾಕಾಗುತ್ತದೆ. ಕೀಟ ತಿಂದ ನಾಲ್ಕು ತೂತುಗಳಿಂದ ಸೊಪ್ಪು ಕೆಡುವುದಿಲ್ಲ.

ಈ ಕಾರ್ತಿಕದಲ್ಲಿ

ಮಳೆ ಹಿಂದೆಗೆದು ಚಳಿ ಕಾಲಿಡುವ ಕಾರ್ತಿಕ ಮಾಸ ಸೊಪ್ಪಿನ ಮಡಿಗೆ ಶುಭಾರಂಭದ ಕಾಲ. ಪಾಲಕ್, ಮೆಂತ್ಯ, ಕೊತ್ತಂಬರಿ, ಆಸಕ್ತಿಯಿದ್ದವರಿಗೆ ಕೇಲ್ ಈಗಲೇ ಮಣ್ಣಿಗೆ ಬೀಳಬೇಕು. ಚಳಿ ಕಳೆದ ಮೇಲೆ ಹರಿವೆ, ಬಸಳೆ, ಪುಂಡಿಗಳ ಸರದಿ. ಬೇಲಿಯ ಬದಿಯಲ್ಲಿ ಒಂದು ನುಗ್ಗೆ, ಒಂದು ಕರಿಬೇವು ಇರಲಿ. ಮಕ್ಕಳ ಕೈಗೆ ಒಂದೊಂದು ಗಿಡವನ್ನು ಒಪ್ಪಿಸಿ, ಸುಳಿ ಯಾವುದು, ಕುಡಿ ಯಾವುದು ಎಂದು ತೋರಿಸಿಕೊಡೋಣ. ಪುಸ್ತಕದಲ್ಲಿ ಓದಿದ ಸಸ್ಯಶಾಸ್ತ್ರ ಅವರಿಗೆ ಕಣ್ಣೆದುರಿಗೇ ತೆರೆದುಕೊಳ್ಳುತ್ತದೆ. ತಾವೇ ಬೆಳೆದ ಸೊಪ್ಪನ್ನು ಅವರು ತಟ್ಟೆಯ ಅಂಚಿಗೆ ಸರಿಸುವುದಿಲ್ಲ.

ಮನೆಗೆ ಸಾಕಾಗಿ ಉಳಿದ ಸೊಪ್ಪಿನ ಒಂದು ಕಟ್ಟು ನೆರೆಮನೆಗೆ ಹೋಗಲಿ, ಅಂಗನವಾಡಿಯ ಒಲೆಗೆ ಹೋಗಲಿ, ಹುಣ್ಣಿಮೆ ಅಮಾವಾಸ್ಯೆಗಳಂದು ಶ್ರೀಮಠದ ದಾಸೋಹಕ್ಕೆ ಬರಲಿ. ಬಸಳೆಯ ಒಂದು ಬಳ್ಳಿ, ಹರಿವೆಯ ಒಂದು ಹಿಡಿ ಬೀಜ ಸೊಪ್ಪಿಗಿಂತ ದೊಡ್ಡ ಕೊಡುಗೆ. ಪಡೆದವರ ಮನೆಯಲ್ಲಿಯೂ ಅದು ಚಿಗುರುತ್ತದೆ. ನಾಳೆ ಬೆಳಿಗ್ಗೆ ಸೊಪ್ಪಿಗೆ ಕೈಯಿಡುವ ಮುನ್ನ ಒಂದು ಕ್ಷಣ ನಿಂತು ಗಿಡವನ್ನು ನೋಡೋಣ. ಮೂರರಲ್ಲಿ ಒಂದು ಪಾಲನ್ನು ಪಡೆದು, ಬುಡಕ್ಕೆ ಒಂದು ಚೊಂಬು ನೀರೆರೆದು ಒಳಗೆ ಹೋಗೋಣ.